ಕೆಂಚಣ್ಣನ ಕಂಬಳಿ

"ಮೇಡಂ, ಕಾಗದ ತಗಳೋರು ಗಂಡಸೋ ಹೆಂಗಸೋ ಗೊತ್ತಿಲ್ಲದಿದ್ರೆ ಏನಂತ ಬರೀಬೇಕು?"

ಹಿಂದಿನ ಬೆಂಚಿನಿಂದ ಮಾಲಾ ಹೀಗೆ ಕೇಳಿದಾಗ ಗಂಗಲಕ್ಷ್ಮಿ ಬೋರ್ಡಿನ ಮೇಲೆ 'ಡಿಯರ್ ಸರ್' ಎಂದು ಬರೆದು ಸೀಮೆಸುಣ್ಣ ಕೆಳಗಿಡುವುದರಲ್ಲಿದ್ದಳು. ಚಳ್ಳಕೆರೆಯ ಆ ಕಾಲೇಜಿನಲ್ಲಿ ಅವಳು ಇಂಗ್ಲಿಷ್ ಪಾಠಕ್ಕೆ ಸೇರಿ ಎರಡನೆಯ ವರ್ಷ. ಪತ್ರ ಬರೆಯುವ ಪಾಠದಲ್ಲಿ ಮಕ್ಕಳು ಹೀಗೆ ಪ್ರಶ್ನೆ ಕೇಳುವುದು ಅಪರೂಪ.

"ಸರ್ ಅಂತ ಬರೆದು, ಒಂದು ಗೆರೆ ಎಳೆದು, ಪಕ್ಕದಲ್ಲಿ ಮೇಡಂ ಅಂತ ಬರೀಬೇಕು."

"ಅಂದ್ರೆ ಇಬ್ಬರಲ್ಲಿ ಒಬ್ಬರನ್ನ ಹೊಡೆದು ಹಾಕೋದು ಅವರಿಗೇ ಬಿಟ್ಟಂಗಾ?"

"ಮೇಡಂನ್ನೇ ಹೊಡೀರಿ," ಎಂದು ಹುಡುಗರ ಸಾಲಿನಿಂದ ಒಬ್ಬ ಅಂದ. ತರಗತಿ ನಕ್ಕಿತು. ಗಂಗಲಕ್ಷ್ಮಿಯೂ ನಕ್ಕಳು. ಆಮೇಲೆ, ಪಠ್ಯದಲ್ಲಿಲ್ಲದ ಮಾತಾದರೂ, ಹೇಳಬೇಕೆನ್ನಿಸಿ ಹೇಳಿದಳು. ಮಿಸ್ಟರ್ ಅನ್ನುವುದು ಮಾಸ್ಟರ್ ಅನ್ನುವುದರಿಂದ ಬಂದದ್ದು. ಮಿಸ್ಟ್ರೆಸ್ ಅನ್ನುವ ಒಂದೇ ಮಾತನ್ನು ತುಂಡು ಮಾಡಿ ಮದುವೆಯಾದವಳಿಗೊಂದು, ಆಗದವಳಿಗೊಂದು ಕೊಟ್ಟರು. ಗಂಡಸಿನ ಹೆಸರಿನ ಹಿಂದೆ ಇಲ್ಲದ ಈ ವಿಚಾರಣೆ ನಮಗೆ ಮಾತ್ರ ಯಾಕೆ ಎಂದು ಹೆಂಗಸರು ಕೇಳಿದ ಮೇಲೆ ಮಿಜ್ ಅನ್ನುವುದು ಬಳಕೆಗೆ ಬಂತು. ಎಪ್ಪತ್ತರ ದಶಕದಲ್ಲೇ ಅಮೆರಿಕದ ಒಂದು ಪತ್ರಿಕೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಂಡು ಹೆಣ್ಣು ಯಾವುದನ್ನೂ ಹೇಳದ ಹಾಗೆ, ಎಂ ಅಕ್ಷರದ ಪಕ್ಕ ಒಂದು ಎಕ್ಸ್ ಇಟ್ಟರೆ ಹೇಗೆ ಎಂದು ಬರೆದಿದ್ದರಂತೆ. ಲೆಕ್ಕದಲ್ಲಿ ಗೊತ್ತಿಲ್ಲದ್ದಕ್ಕೆ ಇಡುತ್ತೇವಲ್ಲ, ಆ ಎಕ್ಸ್.

"ಅದನ್ನ ಬಾಯಲ್ಲಿ ಹೆಂಗೆ ಅನ್ನೋದು ಮೇಡಂ?" ಎಂದಳು ಮಾಲಾ.

ಗಂಗಲಕ್ಷ್ಮಿಗೆ ಗೊತ್ತಿರಲಿಲ್ಲ. ಎಂ.ಎ. ಓದುವಾಗ ಮೇಷ್ಟರು ಅದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದರು, ಅಷ್ಟೆ. ಯಾರೂ ಯಾರನ್ನೂ ಹಾಗೆ ಕರೆದದ್ದನ್ನು ಅವಳು ಕೇಳಿರಲಿಲ್ಲ. "ನೋಡಿ ಹೇಳ್ತೀನಿ," ಎಂದು ತಿರುಗುವಷ್ಟರಲ್ಲಿ ಕಿಟಕಿಯಾಚೆ ಬೇವಿನ ಮರದ ಕೆಳಗೆ ಕಪ್ಪು ಕಂಬಳಿಯೊಂದು ಕಂಡಿತು.

ಕೆಂಚಣ್ಣ. ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ನೀಲಿ ಅಂಗಿ, ಎಡ ಹೆಗಲ ಮೇಲೆ ನಾಲ್ಕು ಮಡಿಕೆಯ ಕಂಬಳಿ, ಕೈಯಲ್ಲಿ ಜಾಲಿ ಕೋಲು. ಕಾಲೇಜಿನ ಗೇಟಿನ ಒಳಗೆ ಆತ ಯಾವತ್ತೂ ಬಂದವನಲ್ಲ. ಉಣ್ಣೆ ಮಾರಲು ಚಳ್ಳಕೆರೆಗೆ ಬಂದಾಗಲೆಲ್ಲ ಗೇಟಿನಾಚೆಯೇ ನಿಂತು ಯಾರ ಕೈಯಲ್ಲೋ ಹೇಳಿಕಳಿಸುತ್ತಿದ್ದ. ಇವತ್ತು ಒಳಗೇ ಬಂದಿದ್ದಾನೆಂದರೆ ಹಾಸಿಗೆ ಹಿಡಿದಿದ್ದ ಅಪ್ಪನ ಸಂಗತಿಯೇ ಎಂದು ಅವಳಿಗೆ ಕೇಳದೆಯೇ ತಿಳಿಯಿತು. ತರಗತಿ ಬಿಟ್ಟು ಮರದ ಕೆಳಗೆ ಬಂದಳು.

"ಅಪ್ಪ ಕರೀತಾವ್ನೆ," ಅಂದ ಕೆಂಚಣ್ಣ. "ನಿನ್ನೆಯಿಂದ ಗಂಜೀನೂ ಇಳೀವಲ್ದು. ಗಂಗೀನ ಕರ್ಕಂಬಾ ಅಂದ."

ದನಿ ತಗ್ಗಿಸಿ ಮಾತಾಡಿದರೂ ಅದು ಹೆಣ್ಣು ದನಿಯೇ. ಕಿಟಕಿಯಲ್ಲಿ ಮುಖಗಳು ತುಂಬಿಕೊಂಡಿದ್ದವು.

"ಮೇಡಂಗೆ ಅಣ್ಣ ಅಂತೆ ಕಣ್ರೋ."

"ಅಣ್ಣ ಎಲ್ಲೈತೆ, ಅಕ್ಕ ಅದು."

ಗಂಗಲಕ್ಷ್ಮಿ ಹಿಂತಿರುಗಿ ನೋಡಲಿಲ್ಲ. "ನಡಿ ಅಣ್ಣಾ," ಅಂದಳು, ಕಿಟಕಿಗೂ ಕೇಳಲಿ ಎಂಬಷ್ಟು ಗಟ್ಟಿಯಾಗಿ.

*

ದೇವಸಮುದ್ರದ ಕಡೆಯ ಕುರಿಗಾರರ ಹಟ್ಟಿಯೊಂದರಲ್ಲಿ ಅವರ ಅಪ್ಪ ಪಾಲಣ್ಣನಿಗೆ ಹುಟ್ಟಿದ ಮೊದಲಿಬ್ಬರೂ ಹೆಣ್ಣು. ಮೂರನೆಯದು ಗಂಡು, ನಾಮಕರಣಕ್ಕೆ ಮೊದಲೇ ಹೋಯಿತು. ದೊಡ್ಡವಳು ಕೆಂಚಿ ನಡೆಯಲು ಕಲಿತಾಗಿನಿಂದ ಅಪ್ಪನ ಹಿಂದೆಯೇ ಗುಡ್ಡಕ್ಕೆ ಹೋದವಳು. ಲಂಗ ತೊಡಿಸಿದರೆ ಕುರಿ ಕೂಡುವ ರೊಪ್ಪದ ಮುಳ್ಳುಬೇಲಿಗೆ ಸಿಕ್ಕಿಸಿ ಬರಿಮೈಯಲ್ಲಿ ಬರುತ್ತಿದ್ದಳು. ಜಡೆ ಹೆಣೆಯಲು ಕೂತರೆ ಅವ್ವನ ಕೈ ಕಚ್ಚುತ್ತಿದ್ದಳು. ಮಳೆಗಾಲದ ಒಂದು ದಿನ, ಹಟ್ಟಿಯ ಜನವೆಲ್ಲ ದೇವರ ಕಟ್ಟೆಯ ಮುಂದೆ ಸೇರಿದ್ದಾಗ, ಪಾಲಣ್ಣ ಕೆಂಚಿಯ ತಲೆ ಬೋಳಿಸಿ, ಹೊಸ ಕಂಬಳಿಯೊಂದನ್ನು ಅವಳ ಹೆಗಲಿಗೆ ಹಾಕಿ, "ಇವತ್ತಿಂದ ಇವನು ನನ್ನ ಮಗ. ಕೆಂಚಿ ಅಂದೋರಿಗೆ ನನ್ನ ಮನೆ ನೀರಿಲ್ಲ," ಅಂದನಂತೆ. ಮಾತು ಕಡಿಮೆ ಆಡುವ ಮನುಷ್ಯ. ಅವನ ನೀರು ಬೇಡವೆನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಅಂದಿನಿಂದ ಕೆಂಚಿ ಕೆಂಚಣ್ಣನಾದ. ಗಂಗಲಕ್ಷ್ಮಿಗೆ ಬುದ್ಧಿ ಬಂದಾಗ ಮನೆಯಲ್ಲಿದ್ದದ್ದು ಅಣ್ಣನೇ. ಶಾಲೆಗೆ ಹೆಗಲ ಮೇಲೆ ಹೊತ್ತುಕೊಂಡು ಹೋದವನು, ಅವಳ ಫೀಜಿಗೆಂದು ಟಗರು ಮಾರಿದವನು, ಅವಳನ್ನು ಚುಡಾಯಿಸಿದ ಹುಡುಗನ ಸೈಕಲ್ಲನ್ನು ಬಾವಿಗೆ ಎತ್ತಿಹಾಕಿದವನು.

ಮೊಳಕಾಲ್ಮೂರಿನ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಕಂಡಕ್ಟರು ಬಂದು, "ಯಜಮಾನ್ರೇ, ಇದು ಲೇಡೀಸ್ ಸೀಟು, ಹಿಂದಕ್ಕೆ ಹೋಗ್ರಿ," ಅಂದ.

"ಎರಡು ಮೊಳಕಾಲ್ಮೂರು ಕೊಡಪ್ಪ," ಅಂದ ಕೆಂಚಣ್ಣ.

ದನಿ ಕೇಳಿ ಕಂಡಕ್ಟರ ಗಲಿಬಿಲಿಗೊಂಡ. ಮುಖ ನೋಡಿದ, ಕಂಬಳಿ ನೋಡಿದ. "ಅದು... ಕೂತ್ಕಳ್ರಿ ಅಮ್ಮ... ಅಣ್ಣ..."

"ಏನಾದ್ರೂ ಅನ್ನಪ್ಪ. ಟಿಕೆಟ್ಟಿನ ರೇಟು ಒಂದೇ ತಾನೇ?"

ಅಕ್ಕಪಕ್ಕದವರು ನಕ್ಕರು, ಕಂಡಕ್ಟರನೂ ನಕ್ಕ. ಕೆಂಚಣ್ಣ ಮಾತ್ರ ನಗದೆ ಕಿಟಕಿಯಾಚೆ ನೋಡುತ್ತ ಕೂತ. ತಳಕು ದಾಟಿದ ಮೇಲೆ, ಅಪ್ಪನ ಯೋಚನೆಯನ್ನು ಇಬ್ಬರ ತಲೆಯಿಂದಲೂ ಸ್ವಲ್ಪ ಹೊತ್ತು ಆಚೆಗಿಡಲೆಂದು, ಗಂಗಲಕ್ಷ್ಮಿ ತರಗತಿಯ ಸಂಗತಿ ಹೇಳಿದಳು. ಮಿಸ್ಟರ್, ಮಿಸ್, ಮಿಸೆಸ್, ಕೊನೆಗೆ ಆ ಎಕ್ಸ್.

ಕೆಂಚಣ್ಣ ಪೂರ್ತಿ ಕೇಳಿಸಿಕೊಂಡ. "ಎಕ್ಸ್ ಅಂದ್ರೆ, ತಪ್ಪು ಬರೆದಾಗ ಮೇಷ್ಟ್ರು ಹಾಕ್ತಾರಲ್ಲ, ಅದಾ?"

"ಅದಲ್ಲ ಅಣ್ಣಾ. ಬರೆಯೋದು ಹಂಗೇ, ಆದ್ರೆ ಅದಲ್ಲ."

"ಪಾಪ, ಅವರಿಗೆ ಅಷ್ಟೊಂದು ಕಷ್ಟ ಐತೇನು? ನಮ್ಮಪ್ಪ ಒಂದ್ಸಲ ಕಂಬಳಿ ಹಾಕಿದ, ಮುಗೀತು."

"ನಿನಗೆ ಯಾವತ್ತೂ ಬೇಜಾರಾಗ್ಲಿಲ್ವಾ? ಅಪ್ಪ ನಿನ್ನ ಕೇಳದಂಗೆ ಹಿಂಗೆ ಮಾಡಿದ್ದು?"

ಬಹಳ ವರ್ಷಗಳಿಂದ ಅವಳ ಒಳಗೇ ಉಳಿದಿದ್ದ ಪ್ರಶ್ನೆ. ಓದುತ್ತ ಓದುತ್ತ ಅವಳಿಗೆ ಅಪ್ಪನ ಮೇಲೆ ಸಣ್ಣಗೆ ಸಿಟ್ಟು ಬೆಳೆದಿತ್ತು. ಗಂಡಿಲ್ಲವೆಂದು ಹೆಣ್ಣೊಂದರ ಬಾಳನ್ನೇ ಬದಲಿಸಿಬಿಟ್ಟ, ಕುರಿ ಕಾಯಲು ಆಳು ಬೇಕಿತ್ತು, ಅದಕ್ಕೆ ಮಗ ಅಂದ. ಹಾಸ್ಟೆಲಿನಲ್ಲಿ ಗೆಳತಿಯರ ಮುಂದೆ ಒಮ್ಮೆ ಹೀಗೇ ಹೇಳಿ ಅತ್ತಿದ್ದಳು.

ಕೆಂಚಣ್ಣ ಕೋಲಿನ ತುದಿಯನ್ನು ಬೆರಳಿನಿಂದ ಸವರುತ್ತ ಕೂತ. "ಮೊದಲ ದಿನ ಕಂಬಳಿ ಭಾರ ಆಯ್ತು," ಅಂದ. "ಆಮೇಲೆ ತೆಗೆದ್ರೆ ಚಳಿ ಆಗ್ತಿತ್ತು." ಹೆಗಲ ಕಂಬಳಿ ಸರಿಮಾಡಿಕೊಂಡು ಮತ್ತೆ ಹೇಳಿದ. "ಅಪ್ಪ ಕಂಬಳಿ ಹಾಕಿದ್ದಕ್ಕೇ ಕೆಂಚ ಹಿಂಗಾದ ಅಂತ ಜನ ಅಂತಾರೆ. ಹಂಗಲ್ಲ ಗಂಗೀ. ನಾನು ಹಿಂಗಿದ್ದೆ ಅಂತ್ಲೇ ಅಪ್ಪ ಹಾಕಿದ್ದು."

ಗಂಗಲಕ್ಷ್ಮಿ ಹೂಂ ಅಂದಳು. ಆ ಮಾತು ಅವಳ ಕಿವಿಗೆ ಬಿತ್ತು, ಅಷ್ಟೆ. ಕೊಂಡ್ಲಹಳ್ಳಿಯ ಹತ್ತಿರ ಬಸ್ಸು ನಿಂತು, ಕೋಳಿ ಬುಟ್ಟಿ ಹಿಡಿದ ಹೆಂಗಸರು ಹತ್ತಿದರು. ಮಾತು ಅಲ್ಲಿಗೇ ನಿಂತಿತು.

*

ಪಾಲಣ್ಣ ನಡುಮನೆಯಲ್ಲಿ ಮಲಗಿದ್ದ. ಮಲಗಿದ್ದಾನೋ ಇಲ್ಲವೋ ಎನ್ನುವಷ್ಟು ಸಣ್ಣಗಾಗಿದ್ದ. ಕಾಲ ಬಳಿ ಅವ್ವ ಪಾತಮ್ಮ ಕೂತಿದ್ದಳು. ರಾಯದುರ್ಗದ ಕಡೆಯಿಂದ ಬಂದವಳು. ಸಂತೋಷವಾದಾಗ, ಸಂಕಟವಾದಾಗ ಅವಳ ಬಾಯಿಗೆ ಬರುವುದು ತೆಲುಗೇ. ಗಂಡ ಕಂಬಳಿ ಹಾಕಿದ ದಿನ ಮೂಲೆಗೆ ಕೂತು ಅತ್ತವಳು, ಮಾರನೆಯ ದಿನದಿಂದ ದೊಡ್ಡ ಮಗುವನ್ನು ಕೆಂಚಿ ಅನ್ನಲಿಲ್ಲ, ಕೆಂಚಣ್ಣ ಅನ್ನಲೂ ಇಲ್ಲ. ಇಬ್ಬರನ್ನೂ ಕರೆಯುವುದು ಒಂದೇ ಮಾತಿನಲ್ಲಿ, "ಬಿಡ್ಡಾ" ಎಂದು. ಅವಳ ತವರಿನಲ್ಲಿ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆಲ್ಲ ಹಾಗೆನ್ನುತ್ತಾರೆ.

"ಲೇ ಕೆಂಚಾ, ರೊಪ್ಪ ನೋಡಿ ಬಾ," ಅಂದ ಪಾಲಣ್ಣ. ರೊಪ್ಪದಲ್ಲಿ ನೋಡುವುದೇನೂ ಇರಲಿಲ್ಲ. ಕೆಂಚಣ್ಣ ಎದ್ದುಹೋದ.

ಅಪ್ಪ ಗಂಗಲಕ್ಷ್ಮಿಯ ಕೈ ಹಿಡಿದ. ಒಣಗಿದ ಕಡ್ಡಿಯಂತಿತ್ತು ಆ ಬೆರಳು. "ಗಂಗೀ, ಒಂದು ಮಾತು. ನಾನಿರೋತನಕ ಯಾರೂ ಅವನ ಮುಂದೆ ಬಾಯಿ ಬಿಡ್ಲಿಲ್ಲ. ನಾನು ಹೋದ್ಮೇಲೆ ಬಿಡ್ತಾರೆ."

"ಹಂಗೇನಾಗಲ್ಲಪ್ಪ."

"ಆಗ್ತೈತೆ. ನನಗ್ಗೊತ್ತು." ಉಸಿರು ತಗೊಂಡ. "ಹಟ್ಟಿಯೋರು ಅವನ್ನ ಬಿಟ್ರೂ ನೀನು ಬಿಡಬ್ಯಾಡ. ಅಣ್ಣಾ ಅಂತ್ಲೇ ಅನ್ನು. ನೀನು ಓದಿದಾಕಿ. ನಿನ್ನ ಮಾತಿಗೆ ತೂಕ ಐತೆ."

ಅವಳು ತಲೆಯಾಡಿಸಿದಳು. ಅಪ್ಪನಿಗೆ ಅದು ಕಾಣಿಸಿತೋ ಇಲ್ಲವೋ ಎಂದು, "ಆಯ್ತಪ್ಪ," ಎಂದೂ ಅಂದಳು. ಅವನು ಕಣ್ಣು ಮುಚ್ಚಿಕೊಂಡ. ಆ ಕೈ ಮಾತ್ರ ಬಹಳ ಹೊತ್ತು ಬಿಡಲಿಲ್ಲ.

ಮರುದಿನ ಬೆಳಗ್ಗೆ, ಕುರಿಗಳನ್ನು ರೊಪ್ಪದಿಂದ ಬಿಡುವ ಹೊತ್ತಿಗೆ, ಪಾಲಣ್ಣ ಹೋದ. ಕೆಂಚಣ್ಣ ರೊಪ್ಪದ ಬಾಗಿಲಿಗೆ ಮುಳ್ಳು ಎಳೆದು ಒಳಗೆ ಬಂದ. ಅಳಲಿಲ್ಲ. ಹೆಗಲಿನಿಂದ ತನ್ನ ಕಂಬಳಿ ಬಿಡಿಸಿ, ಅಂಗಳದಲ್ಲಿ ಹಾಸಿ, ಅಪ್ಪನನ್ನು ಎತ್ತಿ ಅದರ ಮೇಲೆ ಮಲಗಿಸಿದ. ಅವರ ಕಡೆ ಪದ್ಧತಿ ಅದು. ಮಗನ ಕಂಬಳಿ ಅಪ್ಪನ ಬೆನ್ನ ಕೆಳಗೆ ಹೂಳುವ ಗುಣಿಗೆ ಹೋಗುತ್ತದೆ, ಅಪ್ಪನ ಕಂಬಳಿ ಮಗನ ಹೆಗಲಿಗೆ ಬರುತ್ತದೆ. ಮೊದಲ ಹಿಡಿ ಮಣ್ಣು ಹಾಕಿದವನಿಗೆ ಆ ಕಂಬಳಿ. ಕಂಬಳಿ ಯಾರಿಗೋ ರೊಪ್ಪವೂ ಅವನಿಗೆ, ಹಟ್ಟಿಯ ಕಟ್ಟೆಯ ಮೇಲೆ ಕೂರುವ ಜಾಗವೂ ಅವನಿಗೆ.

*

ಬಿಸಿಲೇರುವ ಹೊತ್ತಿಗೆ ಹಟ್ಟಿಯೆಲ್ಲ ಅಂಗಳದಲ್ಲಿ ಸೇರಿತು. ಕೆಂಚಣ್ಣ ನೀರು ಹೊಯ್ದುಕೊಂಡು, ಹಸಿ ಪಂಚೆಯುಟ್ಟು, ತಲೆಗೆ ಬಿಳಿ ವಸ್ತ್ರ ಸುತ್ತಿ, ಅಪ್ಪನ ತಲೆಯ ಬಳಿ ನಿಂತಿದ್ದ. ಬಿದಿರಿನ ಚಟ್ಟ ಸಿದ್ಧವಾಗಿತ್ತು. ಆದರೂ ಗಂಡಸರು ಯಾರೂ ಮುಂದೆ ಬಂದು ಹೆಗಲು ಕೊಡಲಿಲ್ಲ. ನಿಂತಲ್ಲಿಯೇ ಕೆಮ್ಮಿದರು, ಬೀಡಿ ಆರಿಸಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊನೆಗೆ ಹಟ್ಟಿಯ ಹಿರಿಯ ದೊಡ್ಡೀರಪ್ಪ ಕಟ್ಟೆಯಿಂದ ಎದ್ದ. ಪಾಲಣ್ಣನ ದೊಡ್ಡಪ್ಪನ ಮಗ, ಜೊತೆಯಲ್ಲಿ ಕುರಿ ಕಾಯ್ದವನು. ಬೆಳಗಿನಿಂದ ಅತ್ತು ಅವನ ಕಣ್ಣು ಕೆಂಪಾಗಿದ್ದವು.

"ಎತ್ತೋಕ್ಕಿಂತ ಮೊದ್ಲು ಒಂದು ಮಾತು ಐತೆ," ಅಂದ. "ಮುಂದೆ ಯಾರು ನಿಲ್ಲೋದು ಅಂತ."

"ಮಾತಾಡೋದೇನೈತೆ ದೊಡ್ಡಪ್ಪಾ?" ಅಂದ ಕೆಂಚಣ್ಣ. "ನಾನು ನಿಂತಿದೀನಲ್ಲ."

"ನೀನು ನಿಂತಿದೀಯ. ಅದೇ ಮಾತು." ದೊಡ್ಡೀರಪ್ಪ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. "ನೋಡು, ನಿನ್ನ ಮ್ಯಾಲೆ ನನಗೇನೂ ಇಲ್ಲ. ನೀನು ಮಾಡಿದಂಗೆ ಹೆತ್ತ ಗಂಡು ಮಕ್ಳೂ ಮಾಡಲ್ಲ. ಆದ್ರೆ ಹೆಣ್ಣು ಜೀವ ಗುಣಿ ಹತ್ರ ಬರೋ ಹಂಗಿಲ್ಲ, ಮಣ್ಣು ಹಾಕೋ ಹಂಗಿಲ್ಲ. ಪಾಲಣ್ಣನ ತಮ್ಮನ ಮಗ ಇದಾನೆ. ಚಂದ್ರ ಹಾಕ್ಲಿ."

ಚಂದ್ರಣ್ಣ ಗುಂಪಿನ ಹಿಂದೆ ನಿಂತಿದ್ದವನು ಇನ್ನೂ ಹಿಂದಕ್ಕೆ ಸರಿದ. "ನಾನ್ಯಾಕೆ, ಅಣ್ಣ ಇದಾನಲ್ಲ," ಎಂದು ಗೊಣಗಿದ.

"ಹುಲಿಯಪ್ಪಜ್ಜನ ಗುಣಿ ತೋಡಿದ್ದು ಯಾರು ದೊಡ್ಡಪ್ಪಾ?" ಕೆಂಚಣ್ಣನ ದನಿ ಏರಲಿಲ್ಲ. "ನಿನ್ನ ತಮ್ಮನಿಗೆ ಹೆಗಲು ಕೊಟ್ಟಾಗ ನಾನು ಏನಾಗಿದ್ದೆ?"

"ಅವಾಗ ಪಾಲಣ್ಣ ಇದ್ದ. ಅವನ ಜೀವಕ್ಕೆ ಸಮಾಧಾನ ಆಗ್ಲಿ ಅಂತ ಹಟ್ಟಿಯೆಲ್ಲ ನಿನ್ನ ಅಣ್ಣಾ ಅಂತು. ನಾನೂ ಅಂದೆ. ಬದುಕಿರೋರಿಗೆ ಒಂದು ಮಾತು ನಡೀತೈತೆ ಕಣಪ್ಪ." ದೊಡ್ಡೀರಪ್ಪ ಕೆಳಗೆ ಮಲಗಿದ್ದವನನ್ನು ನೋಡಿದ. "ಮಣ್ಣಿಗೆ ಸುಳ್ಳು ಹೇಳೋಕಾಗ್ತೈತಾ?"

ಅಷ್ಟು ವರ್ಷ ಕರೆದದ್ದೆಲ್ಲ ಸುಳ್ಳೆಂದು ಇಷ್ಟು ಮೆಲ್ಲಗೆ, ಇಷ್ಟು ಪ್ರೀತಿಯಿಂದ ಹೇಳಬಹುದೆಂದು ಗಂಗಲಕ್ಷ್ಮಿಗೆ ಗೊತ್ತಿರಲಿಲ್ಲ. ಕೆಂಚಣ್ಣ ಅವಳ ಕಡೆ ತಿರುಗಿದ. ಬೇಡಿಕೊಳ್ಳುವ ನೋಟವಲ್ಲ ಅದು. ನೀನಿದ್ದೀಯಲ್ಲ ಅನ್ನುವ ನೋಟ.

ಅವಳು ಹೆಂಗಸರ ಗುಂಪಿನಿಂದ ಎದ್ದು ಅಂಗಳದ ನಡುವಿಗೆ ಬಂದಳು. ಬಾಯಿಗೆ ಮಾತು ಸಿದ್ಧವಾಗಿತ್ತು. ಹಾಸ್ಟೆಲಿನಲ್ಲಿ, ಚರ್ಚಾಸ್ಪರ್ಧೆಗಳಲ್ಲಿ, ತರಗತಿಯಲ್ಲಿ ಅವಳು ಎಷ್ಟೋ ಸಲ ಆಡಿ ಹದ ಮಾಡಿಕೊಂಡಿದ್ದ ಮಾತು.

"ಹೆಣ್ಣಾದ್ರೇನು ದೊಡ್ಡಪ್ಪಾ?" ಅಂದಳು. "ಹೆತ್ತ ಮಗಳು ಅಪ್ಪನಿಗೆ ಒಂದು ಹಿಡಿ ಮಣ್ಣು ಹಾಕಿದ್ರೆ ಯಾವ ದೇವ್ರು ಮುನೀತಾನೆ? ಗಂಡು ಮಕ್ಕಳೇ ಹಾಕ್ಬೇಕು ಅಂತ ಬರೆದೋರ್ಯಾರು? ಈ ಮನೆ ಹೊತ್ತಿದ್ದು ಒಬ್ಬ ಹೆಣ್ಣುಮಗಳು. ಮಳೇಲಿ ಬಿಸಿಲಲ್ಲಿ ಕುರಿ ಕಾಯ್ದು ನನ್ನ ಓದಿಸಿದ್ದು ಒಬ್ಬ ಹೆಣ್ಣುಮಗಳು. ನಮ್ಮಕ್ಕ ಮಣ್ಣು ಹಾಕ್ಲಿ. ಗಂಡು ವೇಷದಾಗಲ್ಲ, ಹೆಣ್ಣಾಗಿಯೇ ಹಾಕ್ಲಿ. ನೋಡೋಣ, ಯಾರು ತಡೀತಾರೆ."

ಗೆದ್ದೆನೆಂದು ಒಂದು ಗಳಿಗೆ ಅವಳಿಗನ್ನಿಸಿತು. ಆಮೇಲೆ ದೊಡ್ಡೀರಪ್ಪನ ಮುಖ ಕಂಡಿತು. ಭಾರ ಇಳಿದವನ ಮುಖ.

"ಆಯ್ತಲ್ಲ," ಅಂದ ಅವನು ಮೆಲ್ಲಗೆ. "ನಮ್ಮ ಬಾಯಿಗೆ ಬರ್ದಿದ್ದದ್ದು ಒಡಹುಟ್ಟಿದಾಕಿ ಬಾಯಲ್ಲೇ ಬಂತು."

"ಅಕ್ಕ ಅಂತ ಅವಳೇ ಅಂದ್ಲಲ್ಲ," ಎಂದು ಗುಂಪಿನಲ್ಲಿ ಇನ್ನೊಬ್ಬರು ಅಂದರು. "ಇನ್ನು ನಮ್ಮದೇನೈತೆ?"

ಗಂಗಲಕ್ಷ್ಮಿ ತಿರುಗಿ ನೋಡಿದಳು. ಕೆಂಚಣ್ಣ ಅವಳನ್ನೇ ನೋಡುತ್ತಿದ್ದ. ಸಿಟ್ಟಿರಲಿಲ್ಲ. ಸಂಜೆ ರೊಪ್ಪಕ್ಕೆ ಕುರಿ ಹೊಗಿಸುವಾಗ ಒಂದು ಕಡಿಮೆ ಕಂಡರೆ ಹಾಗೆ ನಿಲ್ಲುತ್ತಿದ್ದ ಅವನು. ಎಣಿಕೆ ತಪ್ಪಿತೋ, ಕುರಿಯೇ ಹೋಯಿತೋ ತಿಳಿಯದೆ. ಬಸ್ಸಿನಲ್ಲಿ ಅವನು ಆಡಿದ ಮಾತು, ಕೋಳಿ ಬುಟ್ಟಿಗಳ ಗದ್ದಲದಲ್ಲಿ ಅವಳು ಹೂಂ ಎಂದು ಬಿಟ್ಟಿದ್ದ ಮಾತು, ಈಗ ಅವಳಿಗೆ ತಲುಪಿತು. ನಾನು ಹಿಂಗಿದ್ದೆ ಅಂತ್ಲೇ ಅಪ್ಪ ಹಾಕಿದ್ದು.

"ಅಣ್ಣಾ..." ಅಂದಳು.

ಕೆಂಚಣ್ಣ ತಲೆಯ ವಸ್ತ್ರ ಬಿಚ್ಚಿದ. ಅವಸರವಿಲ್ಲದೆ ಮಡಿಸಿದ. ಗುಂಪು ದಾಟಿ ಹೋಗಿ ಚಂದ್ರಣ್ಣನ ಕೈಯಲ್ಲಿಟ್ಟ. "ತಗ ಚಂದ್ರಾ. ಬಿಸಿಲೈತೆ, ಸುತ್ಕ. ಗುಣಿ ಇಳಿಯೋವಾಗ ಬಲಗಡೆ ಕಾಲಿಡು, ಎಡಗಡೆ ಕಲ್ಲು ಸಡಿಲ ಐತೆ. ನಾನೇ ತೋಡಿದ್ದು."

*

ಚಟ್ಟ ಹಟ್ಟಿಯ ತಿರುವು ದಾಟುವವರೆಗೆ ಕೆಂಚಣ್ಣ ಬಾಗಿಲಲ್ಲಿ ನಿಂತಿದ್ದ. ಗಂಡಸರೆಲ್ಲ ಹೊರಟ ಮೇಲೆ ಅಂಗಳದಲ್ಲಿ ಹೆಂಗಸರು ಮಾತ್ರ ಉಳಿದರು. ಎಲ್ಲಿ ಕೂರಬೇಕೆಂದು ಅವನಿಗೆ ತಿಳಿಯಲಿಲ್ಲ. ಇಂಥ ದಿನಗಳಲ್ಲಿ ಮನೆಯ ಒಳಗೆ ಉಳಿದವನೇ ಅಲ್ಲ.

"ಬಾ ಕೆಂಚಕ್ಕಾ, ಕೂತ್ಕ," ಎಂದಳು ಒಬ್ಬ ಮುದುಕಿ, ಪಕ್ಕಕ್ಕೆ ಸರಿದು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆ ಹೆಸರು ಎಷ್ಟು ಬೇಗ ಬಾಯಿಗೆ ಹೊಂದಿಕೊಂಡಿತೆಂದರೆ, ಇಷ್ಟು ದಿನ ಎಲ್ಲರ ನಾಲಗೆಯ ಕೆಳಗೆ ಅದು ಕಾದು ಕೂತಿತ್ತೇನೋ ಅನ್ನಿಸುವಂತಿತ್ತು.

ಅವನು ಕೂತ. ಹೆಂಗಸರು ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು, ಸತ್ತವನ ಗುಣ ಹಾಡಿ ಹಾಡಿ ಅಳುತ್ತಿದ್ದರು. ಯಾವಾಗ ದನಿ ಸೇರಿಸಬೇಕು, ಯಾವಾಗ ನಿಲ್ಲಿಸಿ ಮೂಗು ಒರೆಸಿಕೊಳ್ಳಬೇಕು ಎಂಬುದು ಅವರಿಗೆಲ್ಲ ಹೇಳಿಕೊಡದೆ ಗೊತ್ತಿತ್ತು. ಕೆಂಚಣ್ಣನಿಗೆ ಆ ರಾಗ ಬರುತ್ತಿರಲಿಲ್ಲ. ಹಸಿ ಪಂಚೆಯಲ್ಲಿ ಮೊಣಕಾಲು ಮಡಿಸಿ, ಕೈ ಎಲ್ಲಿಡಬೇಕೆಂದು ತೋಚದೆ, ಸೀರೆಗಳ ನಡುವೆ ಸುಮ್ಮನೆ ಕೂತಿದ್ದ. ಅಪ್ಪನಿಗಾಗಿ ಗಂಡಸರಂತೆ ಗುಣಿಯ ಬಳಿ ಮೌನವಾಗಿ ನಿಲ್ಲುವುದೂ ಇಲ್ಲ, ಹೆಂಗಸರಂತೆ ಬಾಯಿಬಿಟ್ಟು ಅಳುವುದೂ ಇಲ್ಲ. ಎದುರಿಗೆ ಕೂತ ಗಂಗಲಕ್ಷ್ಮಿ ಅವನ ಮುಖ ನೋಡಲಾರದೆ ಅವನ ಪಾದ ನೋಡಿದಳು. ಗುಣಿ ತೋಡಿದ ಕೆಂಪು ಮಣ್ಣು ಬೆರಳ ಸಂದಿಯಲ್ಲಿ ಇನ್ನೂ ಒದ್ದೆಯಾಗಿತ್ತು.

ಮೂರನೆಯ ದಿನ ಹಾಲು ಹೊಯ್ದು ಬಂದ ಮೇಲೆ ಚಂದ್ರಣ್ಣ ಒಬ್ಬನೇ ಬಂದ. ಪಾಲಣ್ಣನ ಕಂಬಳಿ ಅವನ ಹೆಗಲ ಮೇಲಿರಲಿಲ್ಲ, ಕಂಕುಳಲ್ಲಿತ್ತು. ಕೆಂಚಣ್ಣ ಹಿತ್ತಲಲ್ಲಿ ಕುಂಟುಮರಿಯೊಂದರ ಗೊರಸು ಕೆತ್ತುತ್ತಿದ್ದ. ಚಂದ್ರಣ್ಣ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಅ..." ಎಂದು ಶುರುಮಾಡಿ ನಿಲ್ಲಿಸಿದ. ಮುಂದಿನ ಅಕ್ಷರ ಯಾವುದೆಂದು ಅವನಿಗೇ ತಿಳಿಯಲಿಲ್ಲ. ಕೊನೆಗೆ ಏನೂ ಕರೆಯದೆಯೇ ಹೇಳಿದ. "ಗುಣಿಯಾಗೆ ನನ್ನ ಕಂಬಳಿ ಹಾಸು, ನಿಂದನ್ನ ತೆಗಿ ಅಂದ್ರು. ನಾನು ತೆಗೀಲಿಲ್ಲ. ನಿಂದೇ ಐತೆ ದೊಡ್ಡಪ್ಪನ ಬೆನ್ನ ಕೆಳಗೆ. ಯಾರಿಗೂ ಹೇಳಿಲ್ಲ."

ಕೆಂಚಣ್ಣನ ಕೈ ಗೊರಸಿನ ಮೇಲೆಯೇ ನಿಂತಿತು.

"ಇದನ್ನ ನೀನೇ ಇಟ್ಕ," ಎಂದು ಚಂದ್ರಣ್ಣ ಕಂಬಳಿ ಮುಂದೆ ಚಾಚಿದ. "ಹೆಗಲ ಮ್ಯಾಲೆ ಹಾಕ್ಕಂಡ್ರೆ ಕದ್ದಂಗೆ ಆಗ್ತೈತೆ."

"ಹಾಕ್ಕಂತ ಹಾಕ್ಕಂತ ಸರಿಯಾಗ್ತೈತೆ," ಅಂದ ಕೆಂಚಣ್ಣ. "ಮಣ್ಣು ಹಾಕಿದೋನಿಗೆ ಕಂಬಳಿ. ಕುರಿ ಬೇಕಾದ್ರೆ ನಾನು ಕಾಯ್ತೀನಿ, ಅವಕ್ಕೇನು. ನಿನ್ನ ಕುರೀನೇ ಅಂತ ಕಾಯ್ತೀನಿ." ಮರಿಯನ್ನು ಬಿಟ್ಟ. ಅದು ಕುಂಟದೆ ಓಡಿತು. "ಹೋಗು. ಬಿಸಿಲಾತು."

ಅಡುಗೆಮನೆಯ ಗೋಡೆಯ ಆಚೆ ನಿಂತು ಗಂಗಲಕ್ಷ್ಮಿ ಎಲ್ಲ ಕೇಳಿಸಿಕೊಂಡಳು. ಆ ಮೂರು ದಿನದಲ್ಲಿ ಅವನು ಅವಳ ಜೊತೆ ಮಾತು ಬಿಟ್ಟಿರಲಿಲ್ಲ. ಉಂಡೆಯಾ ಎಂದು ಕೇಳಿದ್ದ, ನೀರು ಸೇದಿ ತಂದಿಟ್ಟಿದ್ದ. ಆದರೆ ಗಂಗೀ ಅಂದಿರಲಿಲ್ಲ. ಅವಳೂ ಅಣ್ಣಾ ಎಂದು ಕರೆದಿರಲಿಲ್ಲ. ಹತ್ತಿರ ಹೋಗಿ, ಎದುರಿಗೆ ನಿಂತು, ಅವನು ತಲೆಯೆತ್ತುವವರೆಗೆ ಕಾದು ಮಾತಾಡುತ್ತಿದ್ದಳು. ರಾಗಿ ಬೀಸುವಾಗ, ಮುಸುರೆ ತಿಕ್ಕುವಾಗ ಆ ಮಾತನ್ನು ಒಳಗೊಳಗೇ ಅಂದು ನೋಡಿದ್ದಳು. ಬುದ್ಧಿ ಬಂದಾಗಿನಿಂದ ಅಂದ ಮಾತು. ಈಗ ಅಂದರೆ ಹಟ್ಟಿಯವರಂತೆ ಸಮಾಧಾನಕ್ಕೆ ಅಂದಂತೆ ಕೇಳುತ್ತಿತ್ತು.

*

ಚಳ್ಳಕೆರೆಗೆ ಹೊರಡುವ ದಿನದ ಬೆಳಗ್ಗೆ ಅವಳು ಎದ್ದಾಗ ರೊಪ್ಪದ ಮುಳ್ಳು ಆಗಲೇ ಸರಿದಿತ್ತು. ಕುರಿಗಳು ಗುಡ್ಡದ ದಾರಿ ಹಿಡಿದಿದ್ದವು. ಒಲೆಯ ಮುಂದೆ ರೊಟ್ಟಿ, ಹುರುಳಿ ಪಲ್ಯ ಕಟ್ಟಿದ ಬುತ್ತಿ ಹಾಗೇ ಉಳಿದಿತ್ತು. ಕೆಂಚಣ್ಣ ಬುತ್ತಿ ಮರೆತು ಹೋದವನಲ್ಲ.

ಅವಳು ಅದನ್ನೆತ್ತಿಕೊಂಡು ಓಡಿದಳು. ಹಟ್ಟಿಯ ಕೊನೆಯ ಮನೆ ದಾಟಿ ಜಾಲಿಯ ಗಿಡಗಳ ಬಳಿ ಬಂದಾಗ ಮಂದೆಯ ಧೂಳು ಕಂಡಿತು, ಧೂಳಿನ ಹಿಂದೆ ಅವನು. ಒಂದು ಕೂಗಿನಷ್ಟು ದೂರ. ಅವಳು ನಿಂತಳು. ಉಸಿರು ತಗೊಂಡು ಬಾಯಿ ತೆರೆದಳು.

ಅವನು ನಡೆಯುತ್ತಲೇ ಇದ್ದ.

ತರಗತಿಯಲ್ಲಿ ಮಾಲಾ ಕೇಳಿದ್ದು ನೆನಪಾಯಿತು. ಅದನ್ನ ಬಾಯಲ್ಲಿ ಹೆಂಗೆ ಅನ್ನೋದು ಮೇಡಂ?

"ಬಿಡ್ಡಾ!"

ಹಿಂದಿನಿಂದ ಅವ್ವನ ದನಿ. ಗಂಡ ಹೋದಾಗಿನಿಂದ ಅವಳು ಬಾಯಿ ತೆರೆದದ್ದು ಅದೇ ಮೊದಲು. ಗಂಗಲಕ್ಷ್ಮಿ ಥಟ್ಟನೆ ತಿರುಗಿದಳು. ಪಾತಮ್ಮ ಕೊನೆಯ ಮನೆಯ ಗೋಡೆ ಹಿಡಿದು ನಿಂತಿದ್ದಳು. ಅವಳ ಕಣ್ಣು ಮಾತ್ರ ಗಂಗಲಕ್ಷ್ಮಿಯನ್ನು ದಾಟಿ ಆಚೆ ನೋಡುತ್ತಿತ್ತು.

ಕೆಂಚಣ್ಣ ನಿಂತ. ತಿರುಗಲಿಲ್ಲ, ಆದರೆ ನಿಂತ.

ಗಂಗಲಕ್ಷ್ಮಿ ಹೋಗಿ ಬುತ್ತಿ ಕೊಟ್ಟಳು. ಅವನು ತಗೊಂಡ. "ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದ.

"ಒಂಬತ್ತಕ್ಕೆ."

"ಹುಷಾರು."

ಹಿಂದುಳಿದ ಕುರಿಯೊಂದಕ್ಕೆ ನಾಲಗೆಯಿಂದ ಸದ್ದು ಮಾಡಿ, ಕೋಲು ನೆಲಕ್ಕೂರಿ ಏರು ಹತ್ತತೊಡಗಿದ. ಎದುರಿನಿಂದ ಬಿಸಿಲು ಏಳುತ್ತಿತ್ತು. ಅವಳು ಅಲ್ಲಿಯೇ ನಿಂತು ನೋಡಿದಳು. ವರ್ಷಗಟ್ಟಲೆ ಬಿಸಿಲಿಗೆ ಅವನ ಅಂಗಿ ಬೆಳ್ಳಗಾಗಿತ್ತು. ಎಡ ಹೆಗಲ ಮೇಲೆ, ಕಂಬಳಿ ಇರುತ್ತಿದ್ದಷ್ಟು ಜಾಗದಲ್ಲಿ ಮಾತ್ರ, ಕೊಂಡ ದಿನದ ನೀಲಿ ಹಾಗೆಯೇ ಉಳಿದಿತ್ತು.